ಇರಿಂಗಾದ ಗುಡ್ಡಗಳಲ್ಲಿ ಹೆಹೆ ನುಡಿಯ ಬೆನ್ನು ಹತ್ತಿ

ದಾರಿ

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ಇರಿಂಗಾಕ್ಕೆ ಸುಮಾರು 500 ಕಿಲೋಮೀಟರ್. ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದರೆ ಸಂಜೆಯೊಳಗೆ ಮುಟ್ಟಬಹುದು. ಜೊತೆಗೆ ಗೆಳೆಯ ಗುರು ಇದ್ದ. ಅವನು ಧಾರವಾಡ ಬಿಟ್ಟು ದಾರ್‌ನಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆಯಿತು. ಸ್ವಾಹಿಲಿಯನ್ನು ನೀರು ಕುಡಿದಂತೆ ಮಾತಾಡುತ್ತಾನೆ. ಟಾಂಜಾನಿಯಾದಲ್ಲಿ 120ಕ್ಕೂ ಜಾಸ್ತಿ ಭಾಷೆಗಳಿವೆ, ಆದರೆ ಪೇಟೆಯಲ್ಲಿ ಕಿವಿಗೆ ಬೀಳೋದು ಸ್ವಾಹಿಲಿ ಒಂದೇ. ಉಳಿದವು ಎಲ್ಲಿ ಕೇಳಿಸುತ್ತವೆ? ಅದರಲ್ಲೂ ಇರಿಂಗಾ ಸೀಮೆಯ ಹೆಹೆ ಜನರ ಭಾಷೆ ಎಲ್ಲಿ ಶುರುವಾಗುತ್ತದೆ? ಅದನ್ನು ನನ್ನ ಕಿವಿಯಿಂದಲೇ ಕೇಳಬೇಕಿತ್ತು. ಈ ನಾಡನ್ನು ಆಳಲು ಬಂದ ಜರ್ಮನ್ನರನ್ನು ಮೊದಲ ಯುದ್ಧದಲ್ಲೇ ಮಣ್ಣು ಮುಕ್ಕಿಸಿದ ಜನ ಅಂತ ಹೆಹೆಗಳ ಕಥೆ ಬಹಳ ಕಡೆ ಸಿಗುತ್ತದೆ. ಅವರ ಮಾತಿನ ಬಗ್ಗೆ ಯಾರೂ ಹೇಳೋದಿಲ್ಲ.

ಮೊರೊಗೊರೊ ದಾಟಿದ ಮೇಲೆ ಹೆದ್ದಾರಿ ಮಿಕುಮಿ ಕಾಡಿನ ನಡುವೆಯೇ ಹಾಯುತ್ತದೆ. ಟಿಕೆಟ್ ಇಲ್ಲದೆ ಬಸ್ಸಿನ ಕಿಟಕಿಯಿಂದಲೇ ಜಿರಾಫೆ, ಜೀಬ್ರಾ, ಜಿಂಕೆಗಳ ಹಿಂಡು ಕಾಣಿಸಿತು. ಗಾಡಿ ಪ್ರಾಣಿಗೆ ಗುದ್ದಿದರೆ ದಂಡ ಎಷ್ಟು ಅಂತ ಬೋರ್ಡ್ ಹಾಕಿದ್ದಾರೆ. ಚಾಲಕ ಅಲ್ಲಿ ನಿಜಕ್ಕೂ ನಿಧಾನವಾಗಿ ಓಡಿಸಿದ. ಮುಂದೆ ರುವಾಹಾ ನದಿಯ ಕಣಿವೆ. ಸೆಖೆಯೋ ಸೆಖೆ. ಎರಡೂ ಬದಿ ದೊಡ್ಡಹುಣಸೆ ಮರಗಳ ಕಾಡು. ಸವಣೂರಿನಲ್ಲಿ ಮೂರು ಮರಗಳಿಗೆ ಕಟ್ಟೆ ಕಟ್ಟಿ ಪೂಜೆ ಮಾಡುತ್ತೇವೆ. ಆ ಮರದ ಮೂಲ ಈ ಆಫ್ರಿಕಾ. ಇಲ್ಲಿ ಅದರ ನೆರಳಲ್ಲಿ ಈರುಳ್ಳಿ ಚೀಲ ಪೇರಿಸಿಟ್ಟು ಮಾರುತ್ತಾರೆ. ಊರಿನ ಹೆಸರೇ ರುವಾಹಾ ಮ್ಬುಯುನಿ, ಈ ಮರಗಳ ಊರು.

ಆಮೇಲೆ ಕಿಟೊಂಗಾ ಘಾಟ್. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ, ಮುಂದೆ ಲಾರಿಗಳ ಸಾಲು. ಒಂದು ಲಾರಿ ತಿರುವಿನಲ್ಲೇ ಕೆಟ್ಟು ನಿಂತಿತ್ತು. ತಾಸುಗಟ್ಟಲೆ ಅಲ್ಲೇ ಕಾದೆವು. ನೀರಿನ ಬಾಟಲಿ, ಬಾಳೆಹಣ್ಣು ಕೈಯಲ್ಲಿ ಇಟ್ಟುಕೊಂಡೇ ಈ ದಾರಿ ಹತ್ತಬೇಕು, ಯಾಕೆಂದರೆ ಘಾಟ್ ಮುಗಿಯುವ ತನಕ ಅಂಗಡಿ ಇಲ್ಲ. ಮೇಲೆ ಹತ್ತಿದ ಹಾಗೆ ಗಾಳಿ ತಣ್ಣಗಾಯಿತು. ಮಾರ್ಚ್ ತಿಂಗಳು, ಮಳೆಗಾಲ. ಎಲ್ಲೆಲ್ಲೂ ಆಳೆತ್ತರದ ಮುಸುಕಿನ ಜೋಳ.

ಇಲುಲಾದಲ್ಲಿ ಬಸ್ಸು ನಿಂತದ್ದೇ ತಡ, ಹೆಂಗಸರು ಟೊಮೆಟೊ ಬಕೆಟ್ ತಲೆಯ ಮೇಲೆ ಹೊತ್ತು ಕಿಟಕಿಗೆ ಬಂದರು. ನಮ್ಮ ಕಂಡಕ್ಟರ್ ಒಬ್ಬಾಕೆಯ ಜೊತೆ ಚೌಕಾಸಿಗೆ ನಿಂತ. ಗುರು ಕಿವಿ ನಿಮಿರಿಸಿದ. "ಇದು ಸ್ವಾಹಿಲಿ ಅಲ್ಲಲೇ," ಅಂದ. ಕಂಡಕ್ಟರ್ ನ್ಜೊಂಬೆ ಕಡೆಯ ಬೆನಾ ಜನದವನು. ಅವನು ಬೆನಾ ಮಾತಿನಲ್ಲಿ ಕೇಳುತ್ತಿದ್ದ, ಆಕೆ ಹೆಹೆಯಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಏನೂ ತೊಡಕಾಗಲಿಲ್ಲ. ಬೆನಾ, ಕಿಂಗಾ, ಪಂಗ್ವಾ, ಸಾಂಗು ಇವೆಲ್ಲ ಹೆಹೆಯ ಹತ್ತಿರದ ನಂಟಿನ, ಆಫ್ರಿಕಾದ ಬಂಟು ಗುಂಪಿನ ಭಾಷೆಗಳು. ಬಸ್ಸು ಹೊರಟ ಮೇಲೆ ಕಂಡಕ್ಟರ್ ನಮಗೊಂದು ಗುರುತು ಹೇಳಿಕೊಟ್ಟ. ಸ್ವಾಹಿಲಿಯವರು "ವಾ" ಅನ್ನುವಾಗ ಎರಡು ತುಟಿ ದುಂಡಗೆ ಮಾಡುತ್ತಾರೆ. ಹೆಹೆಯವರು ಅದೇ ಜಾಗದಲ್ಲಿ ಕೆಳತುಟಿಗೆ ಹಲ್ಲು ತಾಗಿಸುತ್ತಾರೆ. ಗದ್ದಲದಲ್ಲಿ ಆ ಹಲ್ಲಿನ ವಕಾರ ಪದೇ ಪದೇ ಕೇಳಿಸಿದರೆ ಅದು ನಮ್ಮ ಬೆಟ್ಟದ ಮಾತು ಅಂತ ತಿಳಿಯಿರಿ, ಅಂದ. ಮುಂದೆ ಎಲ್ಲ ಕಡೆ ಅದೇ ನನಗೆ ದಾರಿ ತೋರಿಸಿತು.

ಇರಿಂಗಾ ಪೇಟೆ

ಇರಿಂಗಾ ಇರೋದು ಗುಡ್ಡದ ನೆತ್ತಿಯ ಮೇಲೆ, 1,500 ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಬಸ್ಸು ಕೆಳಗೆ ಬಿಡುತ್ತದೆ, ಮೇಲೆ ಹೋಗೋಕೆ ಆಟೊ. ಅದನ್ನು ಅಲ್ಲಿ ಎಲ್ಲರೂ "ಬಜಾಜಿ" ಅಂತಲೇ ಕರೆಯುತ್ತಾರೆ. ರಾತ್ರಿ ಎರಡು ಕಂಬಳಿ ಹೊದ್ದರೂ ಚಳಿ ಬಿಡಲಿಲ್ಲ. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡು ಬರುವವರು ಒಂದು ಸ್ವೆಟರ್ ಹಾಕಿಕೊಂಡೇ ಬನ್ನಿ.

ಬೆಳಿಗ್ಗೆ ಶುಂಠಿ ಚಹಾ, ಚಪಾತಿ ತಿಂದು ಮಾರುಕಟ್ಟೆಗೆ ಹೋದೆವು. ಹಸಿ ಜೋಳದ ತೆನೆ, ಒಣಮೀನು, ಹತ್ತು ಬಗೆಯ ಅವರೆ, ಅಲಸಂದೆ. ಬುಟ್ಟಿಗಳ ಸಾಲಿನ ಎದುರು ಕಾಲು ತಾನೇ ನಿಂತಿತು. ಮಿಲುಲು ಅನ್ನೋ ಜೌಗು ನೆಲದ ಹುಲ್ಲಿನಿಂದ ಹೆಹೆ ಹೆಂಗಸರು ಹೆಣೆಯುವ ಬುಟ್ಟಿಗಳಿವು. ಎಷ್ಟು ಬಿಗಿಯಾಗಿ ಹೆಣೆಯುತ್ತಾರೆ ಅಂದರೆ ಬೆರಳಿನ ಉಗುರೂ ತೂರೋದಿಲ್ಲ. ನಡುನಡುವೆ ಕಂದು ಬಣ್ಣದ ಪಟ್ಟಿ.

ಬುಟ್ಟಿ ಮಾರುವ ಅಜ್ಜಿ ನಮ್ಮನ್ನು ನೋಡಿ ಸ್ವಾಹಿಲಿಯಲ್ಲಿ ಮಾತಿಗಿಳಿದರು. ಗುರು ಹಿರಿಯರಿಗೆ ಹೇಳುವ "ಶಿಕಮೂ" ಹೇಳಿದ. "ಮರಹಬಾ" ಅಂದರು. ನಾನು ಕಂಡಕ್ಟರ್ ಕಲಿಸಿದ್ದ ಹೆಹೆ ನಮಸ್ಕಾರ ಹೇಳಿದೆ, "ಕಾಮ್ವೆನೆ". ಅಜ್ಜಿ ಹೆಣೆಯುತ್ತಿದ್ದ ಕೈ ನಿಲ್ಲಿಸಿದರು. "ಕಾಮ್ವೆನೆ" ಅಂತ ಪಕ್ಕದ ಇಬ್ಬರಿಗೂ ಕೇಳುವ ಹಾಗೆ ಉತ್ತರ ಕೊಟ್ಟು ನನ್ನ ಕೈ ಹಿಡಿದುಕೊಂಡರು. ಬಿಡಲೇ ಇಲ್ಲ. ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿದರು. ಆಗ ನೋಡಿ, ಇಡೀ ಸಾಲಿನಲ್ಲಿ ಆ ಹಲ್ಲಿನ ವಕಾರ! ಅಲ್ಲಿಯ ತನಕ ಸ್ವಾಹಿಲಿಯ ಕೆಳಗೆ ಅಡಗಿ ಕೂತಿದ್ದ ಮಾತು ಮೇಲೆದ್ದು ಬಂದಿತ್ತು.

ಹೆಹೆಯಲ್ಲಿ ಸ್ವರದ ಏರಿಳಿತಕ್ಕೆ ಬೆಲೆ ಇದೆ. ಸ್ವಾಹಿಲಿ ಅದನ್ನು ಎಂದೋ ಕಳೆದುಕೊಂಡಿದೆ. ಅಜ್ಜಿಯರು ಮಾತಾಡುವಾಗ ದನಿ ಹತ್ತಿ ಇಳಿಯುವುದು ನನ್ನಂಥ ಹೊಸಬನಿಗೂ ಗೊತ್ತಾಯಿತು. ಅಜ್ಜಿಯ ಮೊಮ್ಮಗಳು, ಶಾಲೆಯ ನೀಲಿ ಸ್ವೆಟರ್ ಹಾಕಿಕೊಂಡ ಹುಡುಗಿ, ಪಕ್ಕದಲ್ಲೇ ಕೂತಿದ್ದಳು. ಅಜ್ಜಿ ಹೆಹೆಯಲ್ಲಿ ಕೇಳಿದ್ದಕ್ಕೆಲ್ಲ ಅವಳು ಸ್ವಾಹಿಲಿಯಲ್ಲಿ ಉತ್ತರ ಕೊಟ್ಟಳು. ಅವಳಿಗೆ ಎಲ್ಲ ಅರ್ಥವಾಗುತ್ತದೆ, ಮಾತಾಡೋದಿಲ್ಲ. ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ, ಹೈಸ್ಕೂಲು ಇಂಗ್ಲಿಷಿನಲ್ಲಿ. ಹೆಹೆಗೆ ಶಾಲೆಯಲ್ಲಿ ಜಾಗವೇ ಇಲ್ಲ. 120 ಭಾಷೆಯ ದೇಶವನ್ನು ಜಗಳವಿಲ್ಲದೆ ಒಂದು ಮಾಡಿದ್ದು ಸ್ವಾಹಿಲಿ. ಆ ಕೆಲಸ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೂ ಆ ಹುಡುಗಿಯ ಬಾಯಲ್ಲಿ ಅಜ್ಜಿಯ ಮಾತು ಬಾರದ್ದು ನೋಡಿ ಮನಸ್ಸು ಚುರುಕ್ ಅಂದಿತು.

ಹೆಹೆ ಮಾತಾಡುವವರು ಎಷ್ಟು ಜನ? 2006ರ ಒಂದು ಅಂದಾಜು 8 ಲಕ್ಷದ ಆಸುಪಾಸು ಹೇಳುತ್ತದೆ. ಪಕ್ಕಾ ಲೆಕ್ಕ ಸಿಗೋದಿಲ್ಲ, ಯಾಕೆಂದರೆ 1967ರ ನಂತರ ಟಾಂಜಾನಿಯಾದ ಜನಗಣತಿಯಲ್ಲಿ ನಿಮ್ಮದು ಯಾವ ಬುಡಕಟ್ಟು ಅಂತ ಕೇಳೋದನ್ನೇ ಬಿಟ್ಟರು.

ಮಧ್ಯಾಹ್ನ ಜೋರು ಮಳೆ. ನೀಮಾ ಕ್ರಾಫ್ಟ್ಸ್ ಅನ್ನೋ ಕಡೆ ಹೊಕ್ಕೆವು. ಆಂಗ್ಲಿಕನ್ ಚರ್ಚಿನ ರುವಾಹಾ ಡಯಾಸಿಸ್ 2003ರಲ್ಲಿ ಅಂಗವಿಕಲರಿಗಾಗಿ ಶುರು ಮಾಡಿದ ಕೈಕಸುಬಿನ ಕೇಂದ್ರ ಅದು. ಆನೆ ಲದ್ದಿಯಿಂದ ಕಾಗದ ಮಾಡುತ್ತಾರೆ, ನೇಯುತ್ತಾರೆ. ಅಲ್ಲಿನ ಹೋಟೆಲಿನಲ್ಲಿ ಬಡಿಸುವವರು ಕಿವುಡರು. ಚೀಟಿಯಲ್ಲಿ ಬರೆದುಕೊಟ್ಟರಾಯಿತು, ಕೈಸನ್ನೆ ಕಲಿತರೆ ಇನ್ನೂ ಚೆಂದ. ಕಾಫಿ ತುಂಬಾ ಚೆನ್ನಾಗಿತ್ತು. ಮಳೆ ನಿಂತ ಮೇಲೆ ಬೋಮಾ ಮ್ಯೂಸಿಯಂ ನೋಡಿದೆವು. ಜರ್ಮನ್ನರ ಕಾಲದ ದಪ್ಪ ಗೋಡೆಯ ಕಟ್ಟಡ. ಈಟಿ, ಗುರಾಣಿ, ಮಡಕೆಗಳ ಜೊತೆ ಈ ಸೀಮೆಯ ಚರಿತ್ರೆಯನ್ನು ಬಿಡಿಸಿ ಬರೆದಿದ್ದಾರೆ. ಹೆಹೆಗಳ ಹಳೆಯ ರಾಜಧಾನಿ ಕಲೆಂಗಾಕ್ಕೆ ಹೋಗುವ ಮೊದಲು ಇಲ್ಲಿ ಒಂದು ತಾಸು ಕಳೆಯಿರಿ, ಅಲ್ಲಿನದು ಸರಿಯಾಗಿ ತಲೆಗೆ ಹೋಗುತ್ತದೆ.

ಕಲೆಂಗಾ

ಮರುದಿನಕ್ಕೆ ಒಂದು ಜೀಪು ಗೊತ್ತು ಮಾಡಿದ್ದೆವು. ಚಾಲಕ ಹೆಹೆ ಜನದವನು, ನಡುವಯಸ್ಸು. ನಾವು "ಕಾಕಾ" ಅಂತ ಕರೆದೆವು. ಸ್ವಾಹಿಲಿಯಲ್ಲಿ ಹಾಗಂದರೆ ಅಣ್ಣ. ಪೇಟೆಯಿಂದ ರುವಾಹಾ ಕಾಡಿನ ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ಹೋದರೆ ಕಲೆಂಗಾ. ಹತ್ತಿರದ ಗುಡ್ಡದ ಮೇಲೆ ತೊಸಮಗಂಗಾ ಮಿಷನ್ನಿನ ಹಳೆಯ ಕಟ್ಟಡಗಳು ಕಾಣುತ್ತವೆ.

ಈಗ ಕಲೆಂಗಾ ಒಂದು ಸಾದಾ ಹಳ್ಳಿ. ಮೇಕೆ, ಜೋಳದ ಹೊಲ, ಇಟ್ಟಿಗೆ ಮನೆ. ಒಂದು ಕಾಲಕ್ಕೆ ಇದು ಎತ್ತರದ ಕಲ್ಲುಗೋಡೆಯ ರಾಜಧಾನಿ. 19ನೇ ಶತಮಾನದ ನಡುವಿನಲ್ಲಿ ಮುನ್ಯಿಗುಂಬಾ ಎಂಬ ನಾಯಕ ಚಿಕ್ಕ ಚಿಕ್ಕ ಪಾಳೆಯಗಳನ್ನೆಲ್ಲ ಒಂದು ಮಾಡಿದ. ಅದಕ್ಕೂ ಮೊದಲು ಹೆಹೆ ಅಂತ ಒಂದು ಜನವೇ ಇರಲಿಲ್ಲ. ಯುದ್ಧದಲ್ಲಿ ಅವರು "ಹೇ ಹೇ" ಅಂತ ಕೂಗುತ್ತಿದ್ದರು, ಅದೇ ಹೆಸರಾಯಿತು ಎನ್ನುತ್ತಾರೆ. ಮುನ್ಯಿಗುಂಬಾನ ಮಗ ಮ್ಕ್ವಾವಾ. 1894ರ ಅಕ್ಟೋಬರ್ ಕೊನೆಯಲ್ಲಿ ಜರ್ಮನ್ ಪಡೆ ತೋಪು ಹೂಡಿ ಈ ಕೋಟೆಯನ್ನು ಒಡೆಯಿತು. ಮ್ಕ್ವಾವಾ ಕೈಗೆ ಸಿಗಲಿಲ್ಲ. ಕಾಡು ಸೇರಿ ಸುಮಾರು ನಾಲ್ಕು ವರ್ಷ ಕಾದಾಡಿದ. ಅವನ ತಲೆಗೆ ಜರ್ಮನ್ನರು ಕಟ್ಟಿದ ಬೆಲೆ 5,000 ರೂಪಾಯಿ. ಹೌದು, ರೂಪಾಯಿ! ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಆಗ ನಮ್ಮ ರೂಪಾಯಿಯೇ ಓಡಾಡುತ್ತಿತ್ತು, ಜರ್ಮನ್ನರೂ ಅದೇ ಹೆಸರಿನ ನಾಣ್ಯ ಟಂಕಿಸಿದರು. 1898ರ ಜುಲೈ 19ರಂದು, ಸುತ್ತುವರಿದ ಸೈನಿಕರ ಕೈಗೆ ಸಿಕ್ಕುವ ಬದಲು ಮ್ಕ್ವಾವಾ ತಾನೇ ಗುಂಡು ಹೊಡೆದುಕೊಂಡ. ಅವರು ತಲೆ ಕಡಿದು ಒಯ್ದರು.

ಆ ತಲೆಬುರುಡೆ ಕಲೆಂಗಾದ ಪುಟ್ಟ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದೆ. ಮೊದಲ ಮಹಾಯುದ್ಧದ ನಂತರದ 1919ರ ವರ್ಸೈಲ್ಸ್ ಒಪ್ಪಂದದ 246ನೇ ಕಲಮಿನಲ್ಲಿ ಇದನ್ನು ವಾಪಸು ಕೊಡಬೇಕು ಅಂತ ಬರೆದಿತ್ತು. ಬಂದದ್ದು ಮಾತ್ರ 1954ರಲ್ಲಿ. ಆಗ ಈ ನಾಡನ್ನು ಆಳುತ್ತಿದ್ದ ಬ್ರಿಟಿಷರ ಗವರ್ನರ್ ಟ್ವೈನಿಂಗ್ ಜರ್ಮನಿಯ ಬ್ರೆಮೆನ್ ಮ್ಯೂಸಿಯಂಗೆ ಹೋಗಿ, ಅಲ್ಲಿದ್ದ ಬುರುಡೆಗಳ ರಾಶಿಯಲ್ಲಿ ಅಳತೆ ಹೊಂದುವುದನ್ನು ಹುಡುಕಿ ತಂದ. ಇದು ನಿಜಕ್ಕೂ ಅವನದೇನಾ ಅಂತ ಕೇಳುವವರು ಇಂದಿಗೂ ಇದ್ದಾರೆ. ಹೆಹೆಗಳ ಕಡೆಯಿಂದ ಅದನ್ನು ಸ್ವೀಕರಿಸಿದ್ದು ಮೊಮ್ಮಗ ಆಡಂ ಸಾಪಿ ಮ್ಕ್ವಾವಾ. ಮುಂದೆ ಅವರೇ ಸ್ವತಂತ್ರ ದೇಶದ ಸಂಸತ್ತಿನ ಸ್ಪೀಕರ್ ಆಗಿ ದಶಕಗಳ ಕಾಲ ಕೂತರು.

ಒಳಗೆ ವಿವರ ಹೇಳುವವರು ನಮಗೆ ಸ್ವಾಹಿಲಿಯಲ್ಲಿ ಹೇಳುತ್ತಿದ್ದರು. ಪೆಟ್ಟಿಗೆಯ ಹತ್ತಿರ ಬಂದಾಗ ದನಿ ತಗ್ಗಿಸಿ ಕಾಕಾನ ಕಡೆ ತಿರುಗಿ ಹೆಹೆಯಲ್ಲಿ ಎರಡು ಮಾತು ಆಡಿದರು. ಕಾಕಾ ಟೋಪಿ ತೆಗೆದ. ಏನಂದರು ಅಂತ ನಾವು ಕೇಳಲಿಲ್ಲ. ಜರ್ಮನ್ನರು ಹೆಹೆ ಭಾಷೆಯ ಬಗ್ಗೆ ಅಚ್ಚು ಹಾಕಿಸಿದ್ದು 1899ರಲ್ಲಿ, ಅವನು ಸತ್ತ ಮರುವರ್ಷ. ಜನರನ್ನು ಸೋಲಿಸಿದ ಕೂಡಲೇ ಅವರ ಮಾತನ್ನೂ ಪಟ್ಟಿ ಮಾಡಿ ಇಟ್ಟುಕೊಂಡರು. ನನಗೆ ಆ ಎರಡು ಇಸವಿಗಳು ಅಕ್ಕಪಕ್ಕ ಕೂತದ್ದು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಕೆಸರು, ಬಿದಿರು, ಒಗಟು

ಕಾಕಾ ತನ್ನ ತಾಯಿಯ ಊರಿಗೆ ಕರೆದ. ಹೆದ್ದಾರಿ ಬಿಟ್ಟು ಮಣ್ಣಿನ ದಾರಿ ಹಿಡಿದೆವು. ಕೆಂಪು ಮಣ್ಣು, ಹಿಂದಿನ ದಿನದ ಮಳೆ. ಒಂದು ಇಳಿಜಾರಿನಲ್ಲಿ ಜೀಪಿನ ಹಿಂದಿನ ಚಕ್ರ ಅಚ್ಚಿನ ತನಕ ಹೂತುಹೋಯಿತು. ಎಷ್ಟು ಒತ್ತಿದರೂ ಕೆಸರು ಹಾರಿತೇ ಹೊರತು ಗಾಡಿ ಕದಲಲಿಲ್ಲ. ಹೊಲದಿಂದ ಏಳೆಂಟು ಜನ ಗುದ್ದಲಿ ಹಿಡಿದು ಓಡಿ ಬಂದರು. ಬಿದಿರು ಕಡಿದು ಚಕ್ರದ ಕೆಳಗೆ ಹಾಸಿದರು. ಒಬ್ಬ ಹಾಡಿನ ಹಾಗೆ ಒಂದು ಸಾಲು ಕೂಗುವುದು, ಉಳಿದವರು ದನಿಗೂಡಿಸಿ ದೂಡುವುದು. ಅಲ್ಲಿ ಒಂದೇ ಒಂದು ಸ್ವಾಹಿಲಿ ಪದ ಕೇಳಲಿಲ್ಲ. ನಾನು ಹುಡುಕುತ್ತಿದ್ದ ಜಾಗ ಅದೇ. ಮಳೆಗಾಲದಲ್ಲಿ ಈ ಕಡೆ ಬರುವುದಾದರೆ ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಯನ್ನೇ ಮಾಡಿಕೊಳ್ಳಿ.

ಮನೆಯ ಹಿಂದೆ ಬಿದಿರು ಮೆಳೆ. ಉಲಾಂಜಿ ಅನ್ನೋ ಬಿದಿರಿನ ಹೆಂಡ ಇಳಿಸುವುದು ಈ ಮೆಳೆಯಿಂದಲೇ. ಮಳೆಗಾಲದಲ್ಲಿ ಎಳೆಯ ಬಿದಿರಿನ ತುದಿ ಕೊಯ್ದು, ಅಲ್ಲಿಗೆ ಬಿದಿರಿನ ಕೊಳವೆ ಕಟ್ಟುತ್ತಾರೆ. ಬೆಳಿಗ್ಗೆ, ಸಂಜೆ ತುದಿಯನ್ನು ತೆಳ್ಳಗೆ ಮತ್ತೆ ಕೊಯ್ಯಬೇಕು, ಇಲ್ಲದಿದ್ದರೆ ಗಾಯ ಒಣಗಿ ರಸ ನಿಲ್ಲುತ್ತದೆ. ಕಾಕಾನ ತಾಯಿ ಚಿಕ್ಕ ಕತ್ತಿಯಿಂದ ಎಲೆಯಷ್ಟು ತೆಳುವಾದ ಬಿಲ್ಲೆ ಹಾರಿಸಿದರು. ಒಂದೆರಡು ಗಳಿಗೆಯಲ್ಲಿ ಹನಿ ಶುರುವಾಯಿತು. ಕೊಳವೆಯ ಬಾಯಲ್ಲಿ ಬಿಳಿ ನೊರೆ, ಸುತ್ತ ಜೇನುನೊಣ. ಆ ದಿನದ್ದು ಕುಡಿದರೆ ನಮ್ಮ ನೀರಾದ ಹಾಗೆ ಸಿಹಿ, ಹಿಂದೆ ಸಣ್ಣ ಹುಳಿ. ನಾಳೆಗೆ ತಲೆಗೇರುತ್ತದೆ ಅಂತ ನಕ್ಕರು.

"ಹಾತಹಾತ" ಅಂತ ಏನೋ ಅಂದರು. ಹೆಹೆಯಲ್ಲಿ ಹುಳಿಯೇಳಲು ಶುರುವಾಗುವುದಕ್ಕೆ "ಕುಹಾತ" ಅನ್ನುತ್ತಾರಂತೆ. ಅದನ್ನೇ ಎರಡು ಸಲ ಹೇಳಿದರೆ ಒಂಚೂರು ಮಾತ್ರ ಹುಳಿಯೆದ್ದಿದೆ ಅಂತ. ನಾವು ಒತ್ತಿ ಹೇಳಲು ಎರಡು ಸಲ ಅನ್ನುತ್ತೇವೆ, ಅವರು ತಗ್ಗಿಸಿ ಹೇಳಲು. ಗುರುವಿಗೆ ಇದು ಎಷ್ಟು ಹಿಡಿಸಿತೆಂದರೆ ಸಂಜೆಯೆಲ್ಲ ಸಿಕ್ಕ ಕ್ರಿಯಾಪದಗಳನ್ನೆಲ್ಲ ಎರಡೆರಡು ಸಲ ಹೇಳಿಸಿದ. ಅಮ್ಮ ಬೇಸರವಿಲ್ಲದೆ ಹೇಳಿಕೊಟ್ಟರು.

ರಾತ್ರಿ ಉಗಾಲಿ ಅನ್ನೋ ಜೋಳದ ಹಿಟ್ಟಿನ ಮುದ್ದೆ, ಹುರುಳಿಯ ಬದಲು ಕೆಂಪು ಬೀನ್ಸಿನ ಸಾರು, ಕುಂಬಳದ ಎಲೆಯ ಪಲ್ಯ. ಕರೆಂಟು ಹೋಗಿತ್ತು. ಒಲೆಯ ಸುತ್ತ ಮಕ್ಕಳು ಕೂತರು, ಅಮ್ಮ ಒಗಟು ಹಾಕಲು ಶುರು ಮಾಡಿದರು. ಪೇಟೆಯಿಂದ ರಜೆಗೆ ಬಂದಿದ್ದ ಇಬ್ಬರು ಮಕ್ಕಳು ಉತ್ತರ ಗೊತ್ತಿದ್ದರೂ ಸ್ವಾಹಿಲಿಯಲ್ಲಿ ಹೇಳಿದರು. ಅಮ್ಮ ಒಪ್ಪಲಿಲ್ಲ. ಹೆಹೆಯಲ್ಲಿ ಹೇಳಿದರೆ ಮಾತ್ರ ಸುಟ್ಟ ತೆನೆ ಕೈಗೆ. ಸ್ವಲ್ಪ ಹೊತ್ತಿಗೆ ಆ ಮಕ್ಕಳೂ ತಡವರಿಸುತ್ತ ಹೆಹೆಯಲ್ಲೇ ಹೇಳಿದರು, ತಪ್ಪಾದಾಗ ಉಳಿದವರು ತಿದ್ದಿದರು. ಯಾವ ಸರ್ಕಾರದ ಯೋಜನೆಯೂ ಇಲ್ಲದೆ ಒಂದು ಭಾಷೆ ಮುಂದಿನ ತಲೆಗೆ ದಾಟುವ ಬಗೆ ಇದು. ಅಲ್ವಾ?

ಇಸಿಮಿಲಾ, ಗಂಗಿಲೊಂಗಾ

ಮರುದಿನ ಇಸಿಮಿಲಾ ಕೊರಕಲು ನೋಡಿದೆವು. ಮಳೆ ಕೊರೆದು ನಿಲ್ಲಿಸಿದ ಮಣ್ಣಿನ ಕಂಬಗಳು, ನೆಲದ ಮೇಲೆ ಲಕ್ಷಾಂತರ ವರ್ಷ ಹಳೆಯ ಕಲ್ಲಿನ ಕೈಕೊಡಲಿಗಳು. ಕೆಳಗೆ ಇಳಿಯುವ ದಾರಿ ಜಾರುತ್ತದೆ, ಒಳ್ಳೆಯ ಬೂಟು ಬೇಕು.

ಸಂಜೆ ಪೇಟೆಯ ಮೇಲಿನ ಗಂಗಿಲೊಂಗಾ ಬಂಡೆ ಹತ್ತಿದೆವು. ಮಾತಾಡುವ ಕಲ್ಲು ಅಂತ ಇದಕ್ಕೆ ಹೆಸರು. ಮ್ಕ್ವಾವಾ ಇಲ್ಲಿ ಕೂತು ಯೋಚಿಸುತ್ತಿದ್ದ, ಜರ್ಮನ್ನರು ಬರುವ ಸುದ್ದಿ ಅವನಿಗೆ ಇಲ್ಲೇ ತಿಳಿಯಿತು ಅಂತ ಜನ ಹೇಳುತ್ತಾರೆ. ಒಬ್ಬರೇ ಹೋಗೋದು ಬೇಡ, ಕತ್ತಲಾಗುವ ಮೊದಲು ಇಳಿದುಬಿಡಿ. ಮೇಲೆ ಒಬ್ಬ ವಿದ್ಯಾರ್ಥಿನಿ ಸಿಕ್ಕಳು. ಮ್ಕ್ವಾವಾ ಹೆಸರಿನ ಕಾಲೇಜಿನಲ್ಲೇ ಶಿಕ್ಷಕಿಯಾಗಲು ಓದುತ್ತಿದ್ದಾಳೆ. ಮನೆಯವರ ಜೊತೆ ವಾಟ್ಸಾಪಿನಲ್ಲಿ ಬರೆಯುವಾಗ ಸ್ವಾಹಿಲಿ, ದನಿ ಕಳಿಸುವಾಗ ಹೆಹೆ ಅಂದಳು. ಬರೆಯೋಕೆ ಯಾರೂ ಕಲಿಸಲಿಲ್ಲವಲ್ಲ, ಆದರೆ ಅಜ್ಜಿಯ ದನಿಗೆ ಸ್ವಾಹಿಲಿಯಲ್ಲಿ ಉತ್ತರ ಕೊಡೋಕೆ ಮನಸ್ಸು ಬರೋದಿಲ್ಲ ಅಂದಳು.

ಲುಗಾಲೊ

ವಾಪಸು ಹೊರಡುವ ದಿನ ಕಾಕಾನ ಜೀಪಿನಲ್ಲೇ ಲುಗಾಲೊಗೆ ಬಂದೆವು. ಇರಿಂಗಾದ ಪೂರ್ವಕ್ಕೆ ಹೆದ್ದಾರಿಯ ಬದಿಯಲ್ಲೇ ಇದೆ, ಆದರೆ ಬಸ್ಸಿನಲ್ಲಿ ಹೋದರೆ ಕಣ್ಣಿಗೆ ಬೀಳದೆ ದಾಟಿಹೋಗುತ್ತದೆ. 1891ರ ಆಗಸ್ಟ್ 17ರಂದು ಜರ್ಮನ್ ಸೇನಾಧಿಕಾರಿ ಎಮಿಲ್ ಫಾನ್ ಜೆಲೆವ್‌ಸ್ಕಿಯ ಪಡೆ ಇಲ್ಲಿ ಸಾಲಾಗಿ ನಡೆಯುತ್ತಿದ್ದಾಗ ಹೆಹೆಗಳು ಪೊದೆಗಳಿಂದ ಎದ್ದು ಮೇಲೆ ಬಿದ್ದರು. ಹೆಚ್ಚಿನವರ ಕೈಯಲ್ಲಿ ಇದ್ದದ್ದು ಈಟಿ. ಜೆಲೆವ್‌ಸ್ಕಿ ಸತ್ತ, ಪಡೆಯ ಬಹುಪಾಲು ನಾಶವಾಯಿತು. ಜರ್ಮನ್ನರು ಆಮೇಲೆ ಬಂದು ತಮ್ಮವರಿಗಾಗಿ ಕಲ್ಲಿನ ಸ್ಮಾರಕ ಕಟ್ಟಿದರು.

ಹತ್ತಿರದ ಮನೆಯ ಮುದುಕರೊಬ್ಬರು ಕೋಲೂರುತ್ತ ಬಂದರು. ನಾನು "ಕಾಮ್ವೆನೆ" ಅಂದೆ. ಅಷ್ಟು ಸಾಕಾಯಿತು. ಯುದ್ಧದ ಕಥೆಯನ್ನು ಹೆಹೆಯಲ್ಲೇ ಹೇಳುತ್ತೇನೆ ಅಂದರು. ತಾತನಿಂದ ಕೇಳಿದ್ದು ಹೆಹೆಯಲ್ಲಿ, ಸ್ವಾಹಿಲಿಯಲ್ಲಿ ಹೇಳಹೋದರೆ ಅರ್ಧ ಉದುರಿಹೋಗುತ್ತದಂತೆ. ಕಾಕಾ ಸ್ವಾಹಿಲಿಗೆ, ಗುರು ಕನ್ನಡಕ್ಕೆ. ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ಎಲ್ಲಿ ಅಡಗಿದ್ದರು, ಎಲ್ಲಿಂದ ನುಗ್ಗಿದರು ತೋರಿಸಿದರು. ಗೆದ್ದರೂ ನಮ್ಮವರು ಬಹಳ ಜನ ಸತ್ತರು, ಅಳಬಾರದು ಅಂತ ಮ್ಕ್ವಾವಾ ಅಪ್ಪಣೆ ಮಾಡಿದ, ಅಂದರು.

ಮುಗಿಸಿ, "ಈಗ ನಿಮ್ಮ ಊರಿನದು ಹೇಳಿ, ನಿಮ್ಮ ಮಾತಿನಲ್ಲೇ" ಅಂತ ಕೂತರು. ಗುರು ನನ್ನ ಮುಖ ನೋಡಿದ. ನಾನು ಕಿತ್ತೂರಿನ ಕಥೆ ಹೇಳಿದೆ. 1824ರ ಅಕ್ಟೋಬರ್ 23, ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಡಿಸೆಂಬರಿನಲ್ಲಿ ದೊಡ್ಡ ಪಡೆ ಬಂದು ಕೋಟೆ ಹೋದದ್ದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು. ಗುರು ಸ್ವಾಹಿಲಿಗೆ, ಕಾಕಾ ಹೆಹೆಗೆ. ರಾಣಿ ಅಂದಾಗ ಮುದುಕರು "ಹೆಂಗಸಾ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

"ಆ ಕಲೆಕ್ಟರನಿಗೂ ಹೀಗೇ ಕಲ್ಲು ನಿಲ್ಲಿಸಿದರಾ?" ಅಂತ ಕೇಳಿದರು.

ನಿಲ್ಲಿಸಿದ್ದಾರೆ, ನಮ್ಮ ಧಾರವಾಡದಲ್ಲೇ ಇದೆ, ಅಂದೆ.

"ನಿಮ್ಮ ರಾಣಿಗೆ?"

ಇದ್ದಾಳೆ, ಕುದುರೆಯ ಮೇಲೆ ಕತ್ತಿ ಹಿಡಿದು, ಊರೂರಲ್ಲಿ, ಅಂತ ಗುರು ಕನ್ನಡದಲ್ಲೇ ಕೂಗಿ ಹೇಳಿ, ಆಮೇಲೆ ನೆನಪಾಗಿ ಸ್ವಾಹಿಲಿಯಲ್ಲಿ ಹೇಳಿದ. ಮುದುಕರು ಇನ್ನೊಂದು ಸಲ ಮೊದಲಿಂದ ಹೇಳಿ ಅಂದರು, ಸಂಜೆ ಮೊಮ್ಮಕ್ಕಳಿಗೆ ಹೇಳಬೇಕಂತೆ. ದಾರ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೊದಲಿಂದ ಹೇಳಿದೆ.